ಹೆಂಚು ಇಳಿಸಿದ ಮನೆ

ಭಯವಾದಾಗ ಅಕ್ಕಾವ್ರ ಮುಖ ಬದಲಾಗುತ್ತಿರಲಿಲ್ಲ. ಎಡಗಿವಿಯ ಓಲೆ ಮಾತ್ರ ಅಲುಗುತ್ತಿತ್ತು. ಹಲ್ಲು ಕಚ್ಚಿ ಹಿಡಿದಾಗ ದವಡೆಯ ನರ ಉಬ್ಬಿ, ಅದರ ಪಕ್ಕದಲ್ಲೇ ಇದ್ದ ಕೆಂಪು ಹರಳಿನ ಓಲೆ ಸಣ್ಣಗೆ ನಡುಗುತ್ತಿತ್ತು. ಬಲಗಿವಿಯದು ಯಾಕೆ ನಡುಗುತ್ತಿರಲಿಲ್ಲವೋ ತಿಳಿಯದು. ಆ ಕಡೆಯ ದವಡೆಹಲ್ಲು ಕೀಳಿಸಿಕೊಂಡಿದ್ದರು, ಅದಕ್ಕೇ ಇರಬಹುದು. ಅವರ ಹತ್ತಿರ ಕೆಲಸಕ್ಕೆ ಸೇರಿದ ಹೊಸತರಲ್ಲೇ ನಾನು ಅವರ ಮುಖ ನೋಡುವುದನ್ನು ಬಿಟ್ಟು ಆ ಓಲೆಯನ್ನು ನೋಡುವುದು ಕಲಿತೆ.

ಅರಸೀಕೆರೆ ರೈಲು ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಒಂದು ಕೊಬ್ಬರಿ ಅಂಗಡಿಯ ಮಹಡಿಯ ಮೇಲೆ ನಮ್ಮ ಸಂಸ್ಥೆಯ ಕಚೇರಿ ಇತ್ತು. ಸಂಸ್ಥೆ ಎಂದರೆ ಅಕ್ಕಾವ್ರು, ವಾರಕ್ಕೊಮ್ಮೆ ಬಂದು ಲೆಕ್ಕ ನೋಡಿ ಹೋಗುವವರೊಬ್ಬರು, ಆಮೇಲೆ ನಾನು. ಬಾಣಾವರದಿಂದ ಹಳೇಬೀಡಿನವರೆಗಿನ ಹಳ್ಳಿಗಳಲ್ಲಿ ಹೆಂಗಸರ ಸಂಘಗಳನ್ನು ಕಟ್ಟುವುದು, ಅವರಿಗೆ ತರಬೇತಿ ಕೊಡಿಸುವುದು, ಅವರು ಹಿಡಿದ ಕೆಲಸಕ್ಕೆ ಎಲ್ಲಿಂದಲಾದರೂ ಹಣ ಹುಡುಕುವುದು ನಮ್ಮ ಕೆಲಸ. ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯು. ಮುಗಿಸಿ ಬಂದ ನನ್ನನ್ನು ಅಕ್ಕಾವ್ರು ಮುಖ್ಯವಾಗಿ ಇಂಗ್ಲಿಷ್ ಓದಿ ಹೇಳುವುದಕ್ಕೆ ಇಟ್ಟುಕೊಂಡಿದ್ದರು.

ಬೆಳಿಗ್ಗೆ ಬಂದವರು ಮೇಜಿನ ಮೇಲಿದ್ದ ಬುದ್ಧನ ಚಿತ್ರದ ಮುಂದೆ ಊದುಬತ್ತಿ ಹಚ್ಚಿ, ಕುರ್ಚಿಯ ಅಂಚಿನಲ್ಲಿ ಕೂತು ಕೇಳುತ್ತಿದ್ದರು: "ಇವತ್ತೇನಾದ್ರೂ ಅವಕಾಶ ಬಂದಿದೆಯೇನಮ್ಮ?"

ಅವಕಾಶಗಳು ಬರುತ್ತಲೇ ಇದ್ದವು. ಯಾವುದೋ ದೇಶದಲ್ಲಿ ಸಮುದಾಯದ ಕೆಲಸ ಮಾಡುವವರಿಗೆ ತರಬೇತಿ. ಬೇರೆಬೇರೆ ದೇಶಗಳ ಸಣ್ಣ ಸಂಸ್ಥೆಗಳು ಕಂಪ್ಯೂಟರಿನಲ್ಲೇ ಸೇರಿ ಪರಿಚಯ ಮಾಡಿಕೊಳ್ಳುವ ಸಭೆ. ಹೆಂಗಸರ ಗುಂಪುಗಳಿಗೆ, ನೀರಿಗೆ, ಮಕ್ಕಳಿಗೆ ಎಂದು ಇಟ್ಟ ನಿಧಿಗಳು. ನಾನು ಒಂದೊಂದನ್ನೇ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ನೆಂಟರ ಮನೆಯಿಂದ ಕಾಯಿಲೆಯ ಸುದ್ದಿ ಬಂದವರ ಹಾಗೆ ಕೇಳುತ್ತಿದ್ದರು.

"ಕೊಡೋದು ಆಮೇಲೆ ಓದು. ಇದ್ರಲ್ಲಿ ನಮ್ಗೆ ಏನ್ ಅಪಾಯ ಇದೆ, ಅದನ್ನ ಮೊದ್ಲು ಓದು."

ಅಪಾಯ ಬರೆದಿರುವುದಿಲ್ಲ ಅಕ್ಕ ಎಂದರೆ, "ಹಾಗಾದ್ರೆ ಇನ್ನೊಂದ್ ಸಲ ಓದು" ಎನ್ನುತ್ತಿದ್ದರು.

ಅವರಿಗೆ ನಾಯಿ ಎಂದರೆ ಭಯ, ಮಹಡಿ ಮೆಟ್ಟಿಲೆಂದರೆ ಭಯ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಭಯ. ಬಸ್ಸು ಪೂರ್ತಿ ನಿಂತು ಕಂಡಕ್ಟರ್ ಎರಡು ಸಲ ಕರೆಯುವವರೆಗೂ ಹತ್ತುತ್ತಿರಲಿಲ್ಲ. ರಸ್ತೆಯಲ್ಲಿ ನನ್ನ ತೋಳು ಹಿಡಿದು ಒಳಬದಿಗೆ ಸರಿಸಿ ತಾವು ಲಾರಿಗಳ ಕಡೆ ನಡೆಯುತ್ತಿದ್ದರು. ಕೆಳಗಿನ ಕೊಬ್ಬರಿ ಅಂಗಡಿಯವರಿಗೆ ಇದೆಲ್ಲ ದಿನದ ತಮಾಷೆ.

"ಏನ್ ಅಕ್ಕಾವ್ರೇ, ಇವತ್ತೇನ್ ಆಕಾಶ ಬೀಳ್ತದಾ?"

"ಬಿದ್ರೆ ಮೊದ್ಲು ನಮ್ ಮೇಲೇ ಬೀಳೋದು ಸಾವ್ಕಾರ್ರೇ. ನಾವಲ್ವಾ ಮಹಡೀಲಿರೋರು. ನೀವು ಆರಾಮಾಗಿರಿ."

ಹೀಗೆ ನಗಿಸುವಾಗಲೂ ಅವರ ಕೈ ತಣ್ಣಗಿರುತ್ತಿತ್ತು. ಒಂದೆರಡು ಸಲ ಮುಟ್ಟಿ ನೋಡಿದ್ದರಿಂದ ನನಗೆ ಗೊತ್ತು.

ಅವರ ತಂದೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣು ಇವರು. ನಾನು ಬರುವ ಎಷ್ಟೋ ವರ್ಷ ಮುಂಚೆ ಒಂದು ತರಬೇತಿಗೆ ಆಯ್ಕೆಯಾಗಿ ನೇಪಾಳಕ್ಕೆ ಹೋಗಿಬಂದಿದ್ದರು. ವಿಮಾನದಲ್ಲಿ ಉದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಕೂತಿದ್ದರಂತೆ. ಅಲ್ಲಿ ಏನು ಕಲಿತಿರಿ ಎಂದು ಒಮ್ಮೆ ಕೇಳಿದ್ದೆ.

"ಪಾಠ ಹೇಳಿದ್ದು ಒಂದೂ ನೆನಪಿಲ್ಲ ಕಣಮ್ಮ. ಪಕ್ಕದಲ್ಲಿ ಕೂತವರೆಲ್ಲ ನೆನಪಿದ್ದಾರೆ."

ಪಕ್ಕದಲ್ಲಿ ಕೂತವರ ಜೊತೆ ಅವರಿಗೆ ಈಗಲೂ ಮೊಬೈಲಿನಲ್ಲಿ ಒಂದು ಗುಂಪಿತ್ತು. ಬಾಂಗ್ಲಾದೇಶದವರು, ಕೇರಳದ ಕಡಲತೀರದವರು, ಎಲ್ಲೆಲ್ಲಿಯವರೋ. ಹಬ್ಬಕ್ಕೆ ಹೂವಿನ ಚಿತ್ರ ಕಳಿಸುವುದು ಬಿಟ್ಟರೆ ಆ ಗುಂಪಿನಲ್ಲಿ ಹೆಚ್ಚೇನೂ ನಡೆದದ್ದನ್ನು ನಾನು ಕಂಡಿರಲಿಲ್ಲ.

ಅವರು ನನ್ನ ಮನೆಯ ವಿಷಯ ಕೇಳುತ್ತಿರಲಿಲ್ಲ. ನಾನೂ ಅವರದು ಕೇಳುತ್ತಿರಲಿಲ್ಲ. ಮನೆಯ ಮಾತು ಎತ್ತಲು ಇಷ್ಟವಿಲ್ಲದ ನನ್ನಂಥವಳಿಗೆ ಅದೇ ದೊಡ್ಡ ಆದರ.

ಹುಲಿಕೆರೆಯಿಂದ ಆಚೆಗೆ ಒಂದು ಹಳ್ಳಿ. ಅಲ್ಲಿನ ಹೆಂಗಸರು ಬೆಳಗಾದರೆ ಶುಂಠಿ ಹೊಲಗಳಿಗೂ ತೆಂಗಿನಕಾಯಿ ಸುಲಿಯುವ ಕಡೆಗೂ ಹೋಗುವವರು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಸಂಘದವರೇ ಒಂದು ಮಕ್ಕಳ ಮನೆ ನಡೆಸುತ್ತಿದ್ದರು. ಊರು ಬಿಟ್ಟುಹೋದ ಯಾರೋ ಬಿಟ್ಟುಕೊಟ್ಟ ಹಳೆಯ ಹೆಂಚಿನ ಮನೆ ಅದು. ಮಣ್ಣಿನ ಗೋಡೆ, ಗೆದ್ದಲು ಹಿಡಿದ ತೊಲೆ, ಮಳೆ ಬಂದರೆ ನಾಲ್ಕಾರು ಕಡೆ ಪಾತ್ರೆ ಇಡಬೇಕು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದದ್ದು ಸಂಘದ ಹಿರಿಯಳು. ಊರೆಲ್ಲ ಆಕೆಯನ್ನು ದೊಡ್ಡವ್ವ ಎಂದೇ ಕರೆಯುತ್ತಿತ್ತು. ಆಕೆಯ ಮೊಮ್ಮಗುವೂ ಆ ಮಕ್ಕಳಲ್ಲಿ ಒಂದು.

ಆ ಮನೆಯನ್ನು ಕೆಡವಿ ಗಟ್ಟಿಯಾಗಿ ಕಟ್ಟಿಸುವುದಕ್ಕೆ ಹೊರದೇಶದ ನಿಧಿಯೊಂದಕ್ಕೆ ನಾವು ಅರ್ಜಿ ಹಾಕಿದ್ದೆವು. ಅವರು ನೋಡಲು ಬರುತ್ತೇವೆ ಎಂದರು. ನೋಡುವುದೇ ಬೇರೆ, ತೀರ್ಮಾನ ಆಮೇಲೆ ಸಮಿತಿಯದು ಎಂದೂ ಸ್ಪಷ್ಟವಾಗಿ ಬರೆದಿದ್ದರು. ಅಕ್ಕಾವ್ರು ಆ ಸಾಲನ್ನು ನನ್ನಿಂದ ಮತ್ತೆ ಮತ್ತೆ ಓದಿಸಿದರು. ಹಳ್ಳಿಗೆ ಹೋಗಿ ಸಂಘದ ಸಭೆಯಲ್ಲಿ ಹೇಳಿಯೂ ಬಂದರು: "ಬರೋರು ನೋಡೋಕೆ ಬರ್ತಾರೆ, ಕೊಡೋಕಲ್ಲ. ನೆನಪಿರ್ಲಿ." ಹೆಂಗಸರೆಲ್ಲ ಹೂಂ ಎಂದರು.

ಶಿವರಾತ್ರಿ ಕಳೆದ ಮೇಲೆ ಅತಿಥಿ ಬಂದರು. ನಡುವಯಸ್ಸಿನ ಹೆಂಗಸು, ಮೃದು ಮಾತು. ಜೊತೆಗೆ ಬೆಂಗಳೂರಿನಿಂದ ಬಂದ ದುಭಾಷಿ ಹುಡುಗ. ದಾರಿಯಲ್ಲಿ ಹುಲಿಕೆರೆಯ ಕಲ್ಯಾಣಿ ನೋಡಬೇಕೆಂದು ಆಕೆ ಆಸೆಪಟ್ಟರು. ಮೆಟ್ಟಿಲಿಳಿದು ಗೂಡುಗೂಡಿನ ಫೋಟೋ ತೆಗೆಯುತ್ತ ಆಕೆ ಸಂತೋಷವಾಗಿ ಓಡಾಡುತ್ತಿದ್ದರೆ ಅಕ್ಕಾವ್ರು ಮೇಲಿನ ಕಲ್ಲಿನ ಮೇಲೆ ಕೂತು, "ಜಾರಿದ್ರೆ ಯಾರಮ್ಮ ಗತಿ, ಜಾರಿದ್ರೆ ಯಾರಮ್ಮ ಗತಿ" ಎಂದು ನನ್ನ ದುಪಟ್ಟಾದ ತುದಿ ಹಿಡಿದುಕೊಂಡಿದ್ದರು. ಆಕೆ ಜಾರಲಿಲ್ಲ. ಅಪಾಯ ಮುಗಿಯಿತು ಎಂದುಕೊಂಡೆವು.

ಹಳ್ಳಿಯಲ್ಲಿ ಮಕ್ಕಳು ಹಾಡು ಹೇಳಿದರು. ಅತಿಥಿ ಸೋರುವ ಮಾಡು ನೋಡಿದರು, ಬಿರುಕು ಮುಟ್ಟಿ ನೋಡಿದರು. ಆಮೇಲೆ ಜಗಲಿಯ ಮೇಲೆ ಚಾಪೆ ಹಾಸಿ ಎಲ್ಲರೂ ಕೂತಾಗ ದೊಡ್ಡವ್ವ ನೇರವಾಗಿ ಕೇಳಿದಳು.

"ನೋಡವ್ವ, ದೂರದಿಂದ ಬಂದಿದ್ದೀಯ. ಈ ಮನೆ ಕಟ್ಟುಸ್ಕೊಡ್ತೀಯಾ?"

ದುಭಾಷಿ ಅದನ್ನು ಮೆತ್ತಗೆ ಮಾಡಿ ಹೇಳಿದ. ಆಕೆ ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದರು. "ಅವರ ಮನಸ್ಸು ತುಂಬಿ ಬಂದಿದೆಯಂತೆ. ಸಮಿತಿಗೆ ಖಂಡಿತ ಹೇಳ್ತಾರಂತೆ" ಎಂದ ದುಭಾಷಿ.

ದೊಡ್ಡವ್ವ ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಹಿತ್ತಾಳೆ ತಟ್ಟೆ. ಅದರಲ್ಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ಊರ ಇಬ್ಬರು ಹಿರಿಯರನ್ನು ಕರೆದು ಎದುರಿಗೆ ಕೂರಿಸಿದಳು.

ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳಿಗೆ ಹೊರಡುವಾಗ ಅರಿಶಿನ ಕುಂಕುಮದ ಜೊತೆ ಎಲೆ ಅಡಿಕೆ ಕೊಡುವುದುಂಟು. ಅದು ಮರ್ಯಾದೆ. ಅದರಲ್ಲಿ ಯಾರ ಮಾತೂ ಇರುವುದಿಲ್ಲ. ಆದರೆ ಮೊದಲು ಒಂದು ಪ್ರಶ್ನೆ ಕೇಳಿ, ಹಿರಿಯರನ್ನು ಎದುರಿಗೆ ಕೂರಿಸಿ, ಆಮೇಲೆ ತಟ್ಟೆ ನೀಡಿದರೆ ಅದು ಒಪ್ಪುವೀಳ್ಯ. ಹೆಣ್ಣು ಗಂಡು ಗೊತ್ತುಮಾಡುವುದು ಹಾಗೆಯೇ. ತಟ್ಟೆ ತೆಗೆದುಕೊಂಡವರು ಹೂಂ ಎಂದ ಹಾಗೆ. ಅಲ್ಲಿಂದಾಚೆಗೆ ಯಾರೂ ಹಿಂದಕ್ಕೆ ಹೋಗುವುದಿಲ್ಲ.

ನಾನು ಅಕ್ಕಾವ್ರ ಕಡೆ ನೋಡಿದೆ. ಮುಖ ಹಾಗೆಯೇ ಇತ್ತು. ಓಲೆ ನಡುಗುತ್ತಿತ್ತು.

ಅತಿಥಿ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು, ಯಾರೋ ಕಲಿಸಿದ್ದಿರಬೇಕು, ಕಣ್ಣಿಗೊತ್ತಿಕೊಂಡರು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಅತಿಥಿಯನ್ನು ಕಳಿಸಿ, ಜಾವಗಲ್ಲಿನಲ್ಲಿ ಅರಸೀಕೆರೆಯ ಬಸ್ಸಿಗೆ ಕಾಯುತ್ತಿದ್ದಾಗ ನಾನು ಕೇಳಿದೆ, ಅಲ್ಲೇ ಹೇಳಬಹುದಿತ್ತಲ್ಲ ಅಕ್ಕ ಎಂದು. ಅವರು ಬಸ್ಸು ಬರುವ ದಾರಿ ನೋಡುತ್ತಲೇ ಹೇಳಿದರು.

"ನಮ್ಮಪ್ಪಂಗೆ ಯಾವ ಊರಲ್ಲೂ ತಟ್ಟೇಲಿ ವೀಳ್ಯ ಕೊಟ್ಟಿದ್ದಿಲ್ಲ ಕಣಮ್ಮ. ಕೊಟ್ರೆ ದೂರದಿಂದ ಎಲೆ ಹಾಕೋರು. ನಾನು ಕರ್ಕೊಂಡ್ ಬಂದ ಅತಿಥಿಗೆ ಇವತ್ತು ಹಿರೀಕರನ್ನ ಕೂರ್ಸಿ ತಟ್ಟೆ ಕೊಟ್ರು. ಅದನ್ನ ತಡೀ ಅಂತೀಯ?"

ಬಸ್ಸು ಬಂತು.

ಯುಗಾದಿ ಆಗಿ ಇನ್ನೂ ಬೇವು ಬೆಲ್ಲದ ಮಾತು ಬಾಯಲ್ಲಿರುವಾಗಲೇ ದೊಡ್ಡವ್ವನ ಫೋನ್ ಬಂತು. ಅಕ್ಕಾವ್ರ ಮೊಬೈಲಿನಲ್ಲಿ ಆಕೆಯ ಮಾತು ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಅಕ್ಕಾವ್ರೇ, ಹೆಂಚಿಳಿಸ್ಬುಟ್ಟೋ! ಹೊಸ ವರ್ಷ, ಒಳ್ಳೆ ದಿನ, ಗಂಡಸ್ರೂ ಕೈಗೆ ಸಿಕ್ಕಿದ್ರು. ಇನ್ನು ನಿಮ್ದೇ ತಡ."

ಅಕ್ಕಾವ್ರು ಹೂಂ ಎಂದರು. ಫೋನ್ ಇಟ್ಟ ಮೇಲೆ ಮೇಜು ಹಿಡಿದುಕೊಂಡು ಕೂತರು. "ನೀರು ಕೊಡಮ್ಮ" ಎಂದವರು ಕೊಟ್ಟ ನೀರನ್ನು ಕುಡಿಯಲಿಲ್ಲ.

ನಾವು ಹೋಗಿ ನೋಡಿದಾಗ ಮನೆ ತಲೆ ಬೋಳಿಸಿಕೊಂಡು ನಿಂತ ಹಾಗಿತ್ತು. ಒಡೆಯದ ಹೆಂಚುಗಳನ್ನು ಒಂದು ಕಡೆ ಒಟ್ಟಿದ್ದರು. ತೊಲೆ, ರೀಪು ಎಲ್ಲ ಗೆದ್ದಲು ತಿಂದದ್ದು, ಇನ್ನೇಕೆ ಎಂದು ಹಂಚಿಕೊಂಡು ಸೌದೆ ಮಾಡಿಬಿಟ್ಟಿದ್ದರು. ಹೆಂಚು ಮತ್ತೆ ಹೊದಿಸೋಣವೆಂದರೆ ಹೊದಿಸಲು ಕೆಳಗೆ ಏನೂ ಉಳಿದಿರಲಿಲ್ಲ. ನಾಲ್ಕು ಮಣ್ಣಿನ ಗೋಡೆ, ಮೇಲೆ ಬರೀ ಆಕಾಶ. ಮಕ್ಕಳನ್ನು ಸದ್ಯಕ್ಕೆ ಗುಡಿಯ ಜಗಲಿಗೆ ಸಾಗಿಸಿದ್ದರು. ಎರಡು ಮಕ್ಕಳು ಮಾತ್ರ ಅಭ್ಯಾಸಬಲದಿಂದ ಇಲ್ಲಿಗೇ ಬಂದು, ಒಳಗೆ ಬಿದ್ದ ಬಿಸಿಲಿನಲ್ಲಿ ಕುಣಿಯುತ್ತಿದ್ದವು.

"ಯಾವಾಗ್ ಸುರು ಮಾಡ್ತಾರವ್ವ?" ಒಬ್ಬಳು ಕೇಳಿದಳು. ಕೈಯಲ್ಲಿ ಕಾಫಿ ಲೋಟ, ಮುಖದಲ್ಲಿ ನಗು.

"ನೋಡೋಣ" ಎಂದರು ಅಕ್ಕಾವ್ರು. ನಮ್ಮ ಕಡೆ ನೋಡೋಣ ಎಂದರೆ ಇಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಆ ದಿನ ಯಾರಿಗೂ ಅದು ಹಾಗೆ ಕೇಳಿಸಲಿಲ್ಲ. ವೀಳ್ಯವೇ ಆಗಿಹೋಗಿತ್ತಲ್ಲ.

ಅಲ್ಲಿಂದ ಮುಂದೆ ಬೆಳಿಗ್ಗೆ ಅಕ್ಕಾವ್ರು ಅವಕಾಶ ಬಂದಿದೆಯಾ ಎಂದು ಕೇಳುವುದನ್ನು ಬಿಟ್ಟರು. "ಬಂತಾ?" ಎಂದಷ್ಟೇ ಕೇಳುತ್ತಿದ್ದರು. ಮಧ್ಯಾಹ್ನವಾದರೆ ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಅರಸೀಕೆರೆಯ ಮೇಲೆ ಬೆಳ್ಳಗೆ ಕಾದ ಆಕಾಶ. ಒಂದು ಮೂಲೆಯಲ್ಲಿ ಸ್ವಲ್ಪ ಕಪ್ಪು ಕಂಡರೂ ಅವರು ನನ್ನ ಕಡೆ ತಿರುಗಿ, "ಅದು ಹಳೇಬೀಡಿನ ದಿಕ್ಕಾ?" ಎಂದು ಕೇಳುತ್ತಿದ್ದರು. ಕೆಳಗೆ ಅಂಗಡಿಯವರು ಅಶ್ವಿನಿ ಮಳೆ ಕೈಕೊಟ್ಟಿತು, ಭರಣಿಯಾದರೂ ಬರಲಿ ಎಂದು ಮಾತಾಡಿಕೊಳ್ಳುತ್ತಿದ್ದರು. ಇಡೀ ತಾಲ್ಲೂಕು ಮಳೆ ಬೇಡುತ್ತಿದ್ದಾಗ ಬೇಡವೆಂದು ಬೇಡುತ್ತಿದ್ದವರು ನಾವಿಬ್ಬರೇ ಇರಬೇಕು. ಅದನ್ನು ಬಾಯಿಬಿಟ್ಟು ಹೇಳುವುದಕ್ಕೂ ನಮಗೆ ಭಯ.

"ಮಣ್ಣಿನ ಗೋಡೆ ಮಳೇಲಿ ಬೀಳಲ್ಲ ಕಣಮ್ಮ" ಎಂದರು ಒಂದು ದಿನ, ಕಿಟಕಿಯ ಹತ್ತಿರ ನಿಂತೇ. "ಮಳೇಲಿ ಎಲ್ರೂ ಹುಷಾರಾಗಿರ್ತಾರೆ. ಅದು ಬೀಳೋದು ಮಳೆ ನಿಂತ ಮೇಲೆ. ಬಿಸಿಲು ಬಂದು, ಎಲ್ರೂ ಉಸ್ಸಂತ ಕೂತಾಗ."

ಒಂದು ಬೆಳಿಗ್ಗೆ ಅತಿಥಿ ತಾವೇ ಕಂಪ್ಯೂಟರಿನಲ್ಲಿ ಮಾತಾಡಬೇಕೆಂದು ಕರೆದರು. ಪರದೆಯ ಮೇಲೆ ಮುಖ ಕಂಡಾಗಲೇ ನನಗೆ ಗೊತ್ತಾಯಿತು. ಸಮಿತಿ ಈ ಸಲ ಬೇರೆ ಕಡೆಗಳನ್ನು ಆರಿಸಿದೆ, ಮುಂದಿನ ಸಲ ಖಂಡಿತ ಅರ್ಜಿ ಹಾಕಿ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಅಕ್ಕಾವ್ರು ತಲೆಯಾಡಿಸಿದರು. ಆಮೇಲೆ, "ವೀಳ್ಯದ ವಿಷಯ ಹೇಳಮ್ಮ. ಜಗಳ ಅಲ್ಲ, ಸುಮ್ನೆ ಹೇಳು" ಎಂದರು.

ಹೇಳಿದೆ. ತಟ್ಟೆ, ಹಿರಿಯರು, ಹೆಂಚು, ಸೌದೆಯಾದ ತೊಲೆ. ಆಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅದು ಸ್ವಾಗತದ ಪದ್ಧತಿ ಎಂದು ತಮಗೆ ಯಾರೋ ಹೇಳಿದ್ದರು ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅಕ್ಕಾವ್ರು ಪರದೆಗೆ ಕೈ ಮುಗಿದು, "ಅಳ್ಬೇಡಿ ಅನ್ನಮ್ಮ ಅವ್ರಿಗೆ" ಎಂದರು.

ಹಳ್ಳಿಗೆ ಹೋಗಿ ಹೇಳಬೇಕಿತ್ತು. ನಾಳೆ ಹೋಗೋಣ ಎಂದರು ಅಕ್ಕಾವ್ರು. ಆ ನಾಳೆ ಬರುವುದರೊಳಗೆ ಭರಣಿ ಮಳೆ ಬಂತು. ಸಂಜೆ ಕೊಬ್ಬರಿ ಅಂಗಡಿಯ ತಗಡಿನ ಮೇಲೆ ಹನಿ ಬಿದ್ದ ಸದ್ದಿಗೆ ಅಕ್ಕಾವ್ರು ಎದ್ದು ನಿಂತವರು ಅದು ನಿಲ್ಲುವವರೆಗೂ ಕೂರಲಿಲ್ಲ. ದೊಡ್ಡವ್ವನಿಗೆ ಫೋನ್ ಹಚ್ಚಿದರು. ಅಲ್ಲೂ ಮಳೆ, ಫೋನ್ ಹೋಗಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಹೊರಟೆವು. ದಾರಿಯುದ್ದಕ್ಕೂ ಹೊಲಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು. ಬಸ್ಸಿನವರೆಲ್ಲ ಹಬ್ಬದ ಮುಖದಲ್ಲಿದ್ದರು. ಹುಲಿಕೆರೆ ದಾಟುವಷ್ಟರಲ್ಲಿ ಚುರುಕಾದ ಬಿಸಿಲು ಬಂತು. ಅಕ್ಕಾವ್ರು ಕಿಟಕಿಯ ಸರಳು ಹಿಡಿದು ಆ ಬಿಸಿಲನ್ನು ನೋಡುತ್ತಿದ್ದ ರೀತಿ ನನಗೆ ಮರೆಯುವುದಿಲ್ಲ. ಹಾವು ನೋಡಿದ ಹಾಗೆ ನೋಡುತ್ತಿದ್ದರು.

ಬಸ್ಸಿಳಿದು ಊರೊಳಗೆ ನಡೆದರೆ ಗುಡಿಯ ಜಗಲಿ ಖಾಲಿ. ಜಗಲಿ ತುಂಬ ನೀರು, ಕೆಸರು. ಮಕ್ಕಳ ಸದ್ದು ಕೇಳುತ್ತಿದ್ದದ್ದು ಹಳೆಯ ಮನೆಯ ಕಡೆಯಿಂದ. ಜಗಲಿ ಒದ್ದೆಯೆಂದು, ಇಲ್ಲಿ ಒಳಗೆ ಬಿಸಿಲಾದರೂ ಬೀಳುತ್ತದೆಯೆಂದು, ದೊಡ್ಡವ್ವ ಮಕ್ಕಳನ್ನೆಲ್ಲ ಇಲ್ಲಿಗೇ ತಂದು ಗೋಡೆಯ ಬುಡದಲ್ಲಿ ಚಾಪೆ ಹಾಸಿ ಕೂರಿಸಿದ್ದಳು. ಗೋಡೆಯಿಂದ ಸಣ್ಣಗೆ ಹಬೆ ಏಳುತ್ತಿತ್ತು.

ಅಕ್ಕಾವ್ರು ಓಡಿದರು. ಅವರು ಓಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಹೆಗಲಿನ ಚೀಲ ಕೆಸರಿಗೆ ಬಿತ್ತು.

"ಮಕ್ಳನ್ನ ಹೊರಗೆ ತಗೊಳ್ರೀ! ದೊಡ್ಡವ್ವ, ಏಳು, ಏಳು ಮೇಲೆ!"

ಕಂಕುಳಿಗೊಂದು ಕೈಗೊಂದು ಮಗು ಎತ್ತಿಕೊಂಡು ಹೊರಗೆ ತಂದರು. ನಾನೂ ಎತ್ತಿದೆ. ಮಕ್ಕಳು ಬೆದರಿ ಕಿರುಚಿದವು. ಸದ್ದು ಕೇಳಿ ಆ ದಿನ ಕೆಲಸಕ್ಕೆ ಹೋಗದಿದ್ದ ಹೆಂಗಸರೆಲ್ಲ ಬಂದು ಸೇರಿದರು. ಕೊನೆಯ ಮಗು ಹೊರಗೆ ಬಂದ ಮೇಲೆ ಅಕ್ಕಾವ್ರು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತರು.

ಎಲ್ಲರೂ ಗೋಡೆ ನೋಡಿದೆವು. ಗೋಡೆ ಸುಮ್ಮನೆ ನಿಂತಿತ್ತು.

"ಏನವ್ವ ಇದು ನಿನ್ ಗೋಳು?" ದೊಡ್ಡವ್ವನಿಗೆ ಸಿಟ್ಟು ಬಂದಿತ್ತು. "ಮಳೆ ನಿಂತೈತೆ, ಬಿಸ್ಲು ಬಿದ್ದೈತೆ. ಮಕ್ಳ ಗುಂಡಿಗೆ ಒಡಿಯಂಗೆ ಕಿರುಚ್ತೀಯಲ್ಲ!"

"ಅಕ್ಕಾವ್ರಿಗೆ ನೆಳ್ಳು ಕಂಡ್ರೂ ಭಯ ಬುಡು" ಎಂದಳು ಇನ್ನೊಬ್ಬಳು. ಕೆಲವರು ನಕ್ಕರು. ಒಂದು ಮಗು ನಗುವವರನ್ನು ನೋಡಿ ತಾನೂ ನಕ್ಕಿತು.

"ಈ ಗೋಡೆ ಹತ್ರ ಇನ್ನು ಯಾರೂ ಹೋಗ್ಬಾರ್ದು" ಎಂದರು ಅಕ್ಕಾವ್ರು. ಅದೇ ಧ್ವನಿಯಲ್ಲಿ, "ಇನ್ನೊಂದ್ ಮಾತಿದೆ. ಆ ದುಡ್ಡು ಬರಲ್ಲ" ಎಂದರು.

ಹೆಂಗಸರ ನಗು ನಿಂತಿತು.

"ವೀಳ್ಯ ತಗೊಂಡ್ಲಲ್ಲವ್ವ" ಎಂದಳು ದೊಡ್ಡವ್ವ. ಅವಳ ಧ್ವನಿಯಲ್ಲಿ ಆಗ ಸಿಟ್ಟಿರಲಿಲ್ಲ. ಅರ್ಥವಾಗದೆ ಕೇಳುತ್ತಿದ್ದಳು.

"ಅವ್ರಿಗೆ ಗೊತ್ತಿರ್ಲಿಲ್ಲ."

"ನಿಂಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು" ಎಂದರು ಅಕ್ಕಾವ್ರು. ಚೌಕಟ್ಟಿನಿಂದ ಕೈ ತೆಗೆದಿರಲಿಲ್ಲ.

ಆಮೇಲೆ ಬಂದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವುಗಳಲ್ಲಿ ಕೆಲವು ಅಕ್ಕಾವ್ರ ಹುಟ್ಟಿನ ಮೇಲೂ ಹೋದವು. ಸೌದೆಯಾಗಿ ಉರಿದುಹೋದ ತೊಲೆಗಳ ಎಣಿಕೆಯಾಯಿತು. ಹೆಂಗಸರ ಹಿಂದೆ ಗಂಡಸರೂ ಬಂದು ನಿಂತಿದ್ದರು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತ್ತು. ಅಕ್ಕಾವ್ರು ಎಲ್ಲರ ಮಾತೂ ಮುಗಿಯುವವರೆಗೆ ನಿಂತು, ಹಗ್ಗ ತರಿಸಿ ಬಾಗಿಲಿಗೂ ಗೋಡೆಯ ಸುತ್ತಕ್ಕೂ ಕಟ್ಟಿಸಿದರು. ಜಗಲಿಯ ಕೆಸರನ್ನು ನಾವಿಬ್ಬರೇ ಬಳಿದು ಚಾಪೆ ಹಾಸಿ ಮಕ್ಕಳನ್ನು ಕೂರಿಸಿದೆವು. ಹೊರಡುವಾಗ ಯಾರೂ ನೀರು ಬೇಕೇ ಎಂದು ಕೇಳಲಿಲ್ಲ. ಆ ಊರಿನಲ್ಲಿ ಅದಕ್ಕೆ ಮುಂಚೆ ಕಾಫಿ ಕುಡಿಯದೆ ನಾವು ಹೊರಟದ್ದಿಲ್ಲ.

ಗೋಡೆ ಆ ದಿನ ಬೀಳಲಿಲ್ಲ. ಬಿದ್ದದ್ದು ಮರುದಿನ ಮಧ್ಯಾಹ್ನ.

ಫೋನ್ ಮಾಡಿದವಳು ದೊಡ್ಡವ್ವನೇ. "ಬಿತ್ತು" ಎಂದಳು. ಆಮೇಲೆ, "ಚಾಪೆ ಹಾಸಿದ್ನಲ್ಲ, ಆ ಕಡೇದೇ" ಎಂದಳು. ಕೊನೆಗೆ, "ಯಾರೂ ಇರ್ನಿಲ್ಲ" ಎಂದಳು.

ತಾವು ಹೇಳಿದ್ದೇ ಸರಿಯಾಯಿತು ಎನ್ನುವ ಭಾವ ಅಕ್ಕಾವ್ರ ಮುಖದಲ್ಲಿ ಬರಬಹುದೇನೋ ಎಂದು ನೋಡಿದೆ. ಅವರು ಫೋನ್ ಕೆಳಗಿಟ್ಟು, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡರು.

ಮುಖ ತೊಳೆದು ಬಂದವರು ನನ್ನ ಎದುರಿಗೇ ಕೂತು ಆ ಹಳೆಯ ತರಬೇತಿಯ ಗುಂಪಿಗೆ ಮಾತಿನಲ್ಲೇ ಒಂದು ಸಂದೇಶ ಕಳಿಸಿದರು. ಅರ್ಧ ಕನ್ನಡ, ಅರ್ಧ ಅವರದ್ದೇ ಆದ ಇಂಗ್ಲಿಷ್. ತಿದ್ದಿಕೊಡಲೇ ಎಂದೆ. "ಬೇಡಮ್ಮ, ಅವ್ರಿಗೆ ನಾನು ಹಿಂಗೇ ಗೊತ್ತು" ಎಂದರು. ನನ್ನ ಮಕ್ಕಳು ಬಯಲಲ್ಲಿದ್ದಾರೆ, ತಪ್ಪು ನನ್ನದು, ದಾರಿ ಗೊತ್ತಿದ್ದವರು ಹೇಳಿ ಎಂದಿಷ್ಟೇ ಆ ಸಂದೇಶ.

ಹೂವಿನ ಚಿತ್ರ ಬಿಟ್ಟು ಬೇರೇನೂ ಕಳಿಸದಿದ್ದವರು ಒಬ್ಬೊಬ್ಬರಾಗಿ ಮಾತಾಡತೊಡಗಿದರು. ಕೇರಳದಾಕೆ ಒಂದು ಸಣ್ಣ ನಿಧಿಯ ವಿಷಯ ಹೇಳಿದರು. ಮಕ್ಕಳಿಗೆ ತುರ್ತಾದ ಅಪಾಯವಿದ್ದಲ್ಲಿ ಸಮಿತಿಗೆ ಕಾಯದೆ ಕೊಡುವಂಥದ್ದು, ಆದರೆ ಅರ್ಜಿದಾರರನ್ನು ಬಲ್ಲವರು ಅವರ ಪರವಾಗಿ ಹೇಳಬೇಕು. ಅಕ್ಕಾವ್ರ ಪರವಾಗಿ ಬಾಂಗ್ಲಾದೇಶದವರು ಹೇಳಿದರು. ನೇಪಾಳದಲ್ಲಿ ಅವರಿಗೆ ಪಾಠ ಹೇಳಿದ್ದ ಗುರುಗಳು ಹೇಳಿದರು. ತಟ್ಟೆ ತೆಗೆದುಕೊಂಡಿದ್ದ ಆ ಅತಿಥಿಯೂ, ನಾವು ಕೇಳದಿದ್ದರೂ, ತಮ್ಮ ಹೆಸರಿನಲ್ಲಿ ಬರೆದರಂತೆ. ವಿಶ್ವವಿದ್ಯಾಲಯದಲ್ಲಿ ನಾನು ಸಂಪರ್ಕಜಾಲದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಅದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ.

ನಿಧಿ ಒಪ್ಪಿದ ಮೇಲೂ ಅಕ್ಕಾವ್ರು ಹಳ್ಳಿಯಲ್ಲಿ ಒಂದು ಗುದ್ದಲಿ ಏಳಲು ಬಿಡಲಿಲ್ಲ. ದೊಡ್ಡವ್ವ ಫೋನ್ ಮಾಡಿ ಚುಚ್ಚುತ್ತಿದ್ದಳು: "ಈಗಲಾದ್ರೂ ಬುನಾದಿ ತೋಡಾಣ್ವೋ, ಇನ್ನೂ ಯಾರ್ದಾದ್ರೂ ವೀಳ್ಯ ಆಗ್ಬೇಕೋ?" "ಬ್ಯಾಂಕಿಗೆ ಬರ್ಲಿ ದೊಡ್ಡವ್ವ, ಕೈಮುಗೀತೀನಿ" ಎನ್ನುತ್ತಿದ್ದರು ಇವರು. ಬಂದದ್ದು ಸಣ್ಣ ಮೊತ್ತ. ಇಟ್ಟಿಗೆ ಗೋಡೆ, ಶೀಟಿನ ಮಾಡು, ಅಷ್ಟಕ್ಕೆ ಸಾಕಾಯಿತು. ಊರಿನವರು ಕೂಲಿಯಿಲ್ಲದೆ ದುಡಿದರು. ಕೆಲಸ ನಡೆಯುವಾಗ ನಾವು ಹೋದರೆ ದೊಡ್ಡವ್ವ ಅಕ್ಕಾವ್ರ ಜೊತೆ ಮಾತಾಡುತ್ತಿರಲಿಲ್ಲ. ಯಾವುದಾದರೂ ಮಗುವಿನ ಕೈಯಲ್ಲಿ ಮಜ್ಜಿಗೆ ಮಾತ್ರ ಕಳಿಸುತ್ತಿದ್ದಳು.

ಆ ಮಾಡು ಏರಿದ ದಿನ ವಾಪಸು ಬರುವಾಗ ಬಸ್ಸಿನ ಸದ್ದಿನ ನಡುವೆ ಅಕ್ಕಾವ್ರು ಹೇಳಿದ ಮಾತನ್ನು ನಾನು ಅನೇಕ ಸಲ ಯೋಚಿಸಿದ್ದೇನೆ.

"ಗೋಡೆ ಭಯ ಮಕ್ಳಿಗೋಸ್ಕರ ಇತ್ತು ಕಣಮ್ಮ. ಅದು ನನ್ನ ಓಡಿಸ್ತು. ತಟ್ಟೆ ಭಯ ನನ್ ಮರ್ಯಾದೆಗೋಸ್ಕರ. ಅದು ನನ್ ಬಾಯಿ ಕಟ್ತು. ಎರಡೂ ಒಳಗಡೆ ಒಂದೇ ಥರ ಇರ್ತದೆ, ಅದೇ ತೊಂದ್ರೆ. ನೀನು ನೋಡ್ಕೊಂಡು ಹೆದರು."

ಕಳೆದ ವರ್ಷ ಹಾಸನದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಕಾಯಿಲೆ ಎಂದು ಗೊತ್ತಾದ ಮೇಲೆ ಹೆಚ್ಚು ದಿನ ಇರಲಿಲ್ಲ. ನೋಡಲು ಹೋದಾಗ ನಾನು ಅಳುತ್ತೇನೇನೋ ಎಂದು ಭಯಪಟ್ಟರು. ನಾನು ಅಳಲಿಲ್ಲ, ಅದಕ್ಕೆ ಸಮಾಧಾನವಾದವರ ಹಾಗೆ ಕಂಡರು. ಅರಸೀಕೆರೆಯಲ್ಲಿ ಬುದ್ಧವಂದನೆ ಹೇಳಿ ಕಳಿಸಿಕೊಟ್ಟೆವು. ಕೊಬ್ಬರಿ ಅಂಗಡಿಯವರು ಅಂದು ಅಂಗಡಿ ತೆಗೆಯಲಿಲ್ಲ. ಎರಡು ಬಸ್ಸು ಬದಲಿಸಿ ದೊಡ್ಡವ್ವ ಬಂದಿದ್ದಳು. ಮೊಮ್ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅಕ್ಕಾವ್ರ ಮುಖವನ್ನೇ ಬಹಳ ಹೊತ್ತು ನೋಡಿ, ಬೈಯುವ ಹಾಗೆ ಹೇಳಿದಳು:

"ಎಲ್ಲಾದ್ಕೂ ಹೆದ್ರೋಳು, ಇದೊಂದ್ಕೆ ಹೆದರ್ನಿಲ್ವಲ್ಲವ್ವ ನೀನು."

ಈಗ ಅವಕಾಶಗಳನ್ನು ಓದುವುದೂ ನಾನೇ, ಕೇಳುವುದೂ ನಾನೇ. ಈಚೆಗೆ ಬಾಣಾವರದ ಹತ್ತಿರದ ಒಂದು ಹಳ್ಳಿಗೆ ಬೇರೊಂದು ನಿಧಿಯವರು ಬಂದಿದ್ದರು. ಹೆಂಗಸರು ನೀರಿನ ಟ್ಯಾಂಕು ಬೇಕೆಂದು ಕೇಳಿದರು, ಬಂದವರು ನಗುತ್ತ ತಲೆಯಾಡಿಸಿದರು. ಅಷ್ಟರಲ್ಲಿ ಅಜ್ಜಿಯೊಬ್ಬರು ಒಳಗಿನಿಂದ ತಟ್ಟೆ ಹಿಡಿದು ಬಂದರು. ಜಗಲಿಯ ಮೇಲೆ ಹಿರಿಯರು ಸರಿದು ಕೂತರು.

ನನಗೆ ನಾಲ್ಕು ಜನರ ಮುಂದೆ ಎದ್ದು ನಿಲ್ಲುವುದೆಂದರೆ ಇಂದಿಗೂ ಆಗದು. ಅಂಗೈ ತಣ್ಣಗಾಯಿತು. ಇದು ಯಾವ ಭಯ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಸಿಕ್ಕಿತು. ಎದ್ದು ಹೋಗಿ ತಟ್ಟೆಗೂ ಅತಿಥಿಗೂ ನಡುವೆ ನಿಂತೆ.

"ಅಜ್ಜಿ, ಇವತ್ತು ಕುಂಕುಮ ಕೊಡಿ, ಸಾಕು. ವೀಳ್ಯ ಬೇಡ. ಇವರು ಇನ್ನೂ ಒಪ್ಪಿಲ್ಲ."

ಹಿರಿಯರೊಬ್ಬರು ಮುಖ ಗಂಟುಹಾಕಿ ಎದ್ದುಹೋದರು. ಅಜ್ಜಿ ತಟ್ಟೆ ಹಿಡಿದುಕೊಂಡೇ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಯಾರವ್ವ ನಿಂಗಿದ್ನ ಕಲಿಸ್ದೋರು?"

ಹೇಳಿದೆ.